ಮಾವನ ದಾರಿ: ಪೆರ್ಲದಿಂದ ರಾಣಿಪುರಕ್ಕೆ ನಾಲ್ಕು ದಿನ

ಹೊರಡುವ ಮೊದಲು

ಮಾವ ಮನೆಮಂದಿಯನ್ನೂ ಮಕ್ಕಳನ್ನೂ ಕಟ್ಟಿಕೊಂಡು ಹೊರಡುತ್ತಿದ್ದ ಈ ಕಾಸರಗೋಡಿನ ಪ್ರವಾಸಕ್ಕೆ ಡಿಸೆಂಬರಿನ ಕೊನೆಯ ವಾರವೇ ಸರಿ. ಗುಡ್ಡದ ದಾರಿ ಒಣಗಿರುತ್ತದೆ, ಹುಲ್ಲು ಇನ್ನೂ ಪೂರ್ತಿ ಸುಟ್ಟಿರುವುದಿಲ್ಲ. ಗುಡ್ಡ ಕೊರೆದ ಸುರಂಗ ಬಾವಿಗಳಲ್ಲಿ ನೀರಿರುತ್ತದೆ, ಕಡಲು ಮಳೆಗಾಲದ ಹಾರಾಟ ಬಿಟ್ಟು ಇಳಿದಿರುತ್ತದೆ. ಶಾಲೆಗೆ ಕ್ರಿಸ್‌ಮಸ್ ರಜೆ. ಅಡಕೆಯ ಮೊದಲ ಕೊಯ್ಲು ಆಗಿ ಅಂಗಳದಲ್ಲಿ ಹರವಿರುತ್ತದೆ. ಇಷ್ಟೂ ಕೂಡಿಬರುವ ಹೊತ್ತು ಕೃಷಿಕನ ಮನೆಗೆ ವರ್ಷದಲ್ಲಿ ಇನ್ನೊಂದಿಲ್ಲ. ಮಾವ ಈ ದಿನಗಳನ್ನು ಹಾಗೆ ಅಳೆದೇ ಗೊತ್ತುಮಾಡಿದ್ದರು.

ಮಾವ ಪೆರ್ಲದ ಹತ್ತಿರದ ಅಡಕೆ ಕೃಷಿಕರು. ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಅವರ ಅಪ್ಪ ತೀರಿಕೊಂಡರು. ತೋಟವೂ ಮೂವರು ತಂಗಿಯಂದಿರೂ ಒಟ್ಟಿಗೇ ಅವರ ಹೆಗಲಿಗೆ ಬಂದರು. ತಂಗಿಯಂದಿರಿಗೆ ಮದುವೆಯಾಯಿತು, ಮಕ್ಕಳಾದವು. ಆ ಮಕ್ಕಳಿಗೆಲ್ಲ ಅವರು ಸೋದರಮಾವ. ನೆರೆಕರೆಯ ಮಕ್ಕಳೂ ಕೇಳಿ ಕೇಳಿ ಮಾವ ಎಂದೇ ಕರೆದರು. ಜೆಂಬರದ (ಸಮಾರಂಭದ) ಮನೆಗಳಲ್ಲಿ ಸುದರಿಕೆಗೆ, ಅಂದರೆ ಬಡಿಸುವ ಓಡಾಟದ ಕೆಲಸಕ್ಕೆ, ಮೊದಲು ಹೇಳಿಕೆ ಹೋಗುತ್ತಿದ್ದದ್ದು ಅವರಿಗೆ. ಹೋಳಿಗೆಯ ಹರಿವಾಣ ಹಿಡಿದು ಅವರು ಪಂಕ್ತಿಯ ನಡುವೆ ಹೊರಟರೆ ಬೇಡ ಅನ್ನುವುದಕ್ಕೆ ಯಾರಿಗೂ ಬಾಯಿ ಬರುತ್ತಿರಲಿಲ್ಲ. ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ತಾಳಮದ್ದಳೆಯ ಹುಚ್ಚು ಬೇರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ (ಪಾತ್ರವಾಗಿ ಹೇಳುವ ಮಾತು) ಎಲ್ಲಿದ್ದರೂ ರಾತ್ರಿ ನಡೆದುಕೊಂಡಾದರೂ ಹೋಗಿ, ಬೆಳಗ್ಗೆ ಹಟ್ಟಿಯಲ್ಲಿ ಹಾಲು ಕರೆಯುತ್ತ ಅದೇ ವಾದವನ್ನು ದನಗಳಿಗೆ ಹೇಳುತ್ತಿದ್ದರಂತೆ. ಇದು ಅತ್ತೆ ಹೇಳಿದ ಮಾತು.

ಎಪ್ಪತ್ತಾರನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ವರ್ಷಾಂತದ ಕಾರ್ಯ ಮುಗಿದ ಮೇಲೆ, ಪ್ರವಾಸ ನಿಲ್ಲುವುದು ಬೇಡ ಎಂದವರೂ ಅತ್ತೆಯೇ. ಮಾವ ಇದ್ದಲ್ಲಿ ನಗು ಇರುತ್ತಿತ್ತು ಎಂದು ಬಲ್ಲವರೆಲ್ಲ ಹೇಳುತ್ತಾರೆ. ಆ ನಗುವಿಗೆ ಅವರು ಎಷ್ಟು ದುಡಿಯುತ್ತಿದ್ದರು ಎಂಬುದು ಅವರಿಲ್ಲದೆ ಹೊರಡುವಾಗ ಗೊತ್ತಾಯಿತು. ದಾರಿಯ ತಿಂಡಿಯ ಲೆಕ್ಕ ಅತ್ತೆಗೆ ಗೊತ್ತು, ಹೊತ್ತಿನ ಲೆಕ್ಕ ಹಳೆಯ ಚಾಲಕರಿಗೆ, ಹಣದ್ದು ದೊಡ್ಡ ಮಗಳಿಗೆ, ಮನೆಯಲ್ಲಿ ಬಿಟ್ಟುಹೋಗುವ ಅಡಕೆಯದ್ದು ತೋಟದ ಕೆಲಸಕ್ಕೆ ಬರುವವರಿಗೆ. ಒಬ್ಬರ ತಲೆಯಲ್ಲಿದ್ದದ್ದನ್ನು ನಾಲ್ವರಿಂದ ಕೇಳಿ ಕೂಡಿಸಬೇಕಾಯಿತು.

ಅಡಕೆಯಿಂದಲೇ ಶುರು ಮಾಡಬೇಕು, ಏಕೆಂದರೆ ಅದು ಕೆಟ್ಟರೆ ಪ್ರವಾಸದ ಖುಷಿ ವರ್ಷವಿಡೀ ಕಹಿ. ಹಣ್ಣಡಕೆ ಒಣಗಲು ನಲವತ್ತರಿಂದ ನಲವತ್ತೈದು ದಿನ ಬಿಸಿಲು ಬೇಕು. ಒಂದೇ ಪದರ ಹರವಿ ಆಗಾಗ ಮಗುಚುತ್ತಿರಬೇಕು. ಮಗುಚದಿದ್ದರೆ ಅಡಿಬದಿ ಹಸಿ ಉಳಿದು ಒಳಗೆ ಬೂಸಲು ಬರುತ್ತದೆ, ಸುಲಿದಾಗ ಗೋಟು (ಒಣ ಅಡಕೆ) ಕಪ್ಪು. ಹಾಗಾಗಿ ಮಾವ ಕೊಯ್ಲಾಗಿ ಎರಡು ವಾರ ಕಳೆಯದೆ ಹೊರಡುತ್ತಿರಲಿಲ್ಲ. ಅಷ್ಟರಲ್ಲಿ ಮೇಲಿನ ನೀರು ಆರಿ, ನಾಲ್ಕು ದಿನ ಇನ್ನೊಬ್ಬರ ಕೈಗೆ ಒಪ್ಪಿಸುವ ಸ್ಥಿತಿಗೆ ಬಂದಿರುತ್ತದೆ. ಮಗುಚಲು ನಿಲ್ಲುವವರ ಇಬ್ಬರು ಮಕ್ಕಳಿಗೆ ವಾಹನದಲ್ಲಿ ಜಾಗ ಖಾಯಂ. ಅಪ್ಪ ಮನೆ ಕಾಯುವಾಗ ಮಕ್ಕಳು ಊರು ನೋಡಲಿ ಎಂಬುದು ಮಾವನ ಕ್ರಮ. ಈ ಸಲವೂ ಹದಿನಾರು ಜನರಲ್ಲಿ ಅವರಿಬ್ಬರು ಇದ್ದರು.

ಮೊದಲ ದಿನದ ಊಟಕ್ಕೆ ಕೊಟ್ಟಿಗೆ, ಬಾಳೆಎಲೆಯಲ್ಲಿ ಮಡಚಿ ಆವಿಯಲ್ಲಿ ಬೇಯಿಸಿದ ಕಡುಬು. ಹದಿನಾರು ಜನಕ್ಕೆ ಎರಡು ಕಿಲೋ ಬೆಳ್ತಿಗೆ (ಕುದಿಸದ) ಅಕ್ಕಿ, ಒಂದು ಕಿಲೋ ಉದ್ದು. ತಲೆಗೆ ಮೂರರಂತೆ ಧಾರಾಳ. ಡಿಸೆಂಬರಿನ ರಾತ್ರಿಯ ತಂಪಿನಲ್ಲಿ ಹಿಟ್ಟು ಬೇಗ ಹುಳಿ ಬಾರದು. ಆದ್ದರಿಂದ ಹಿಂದಿನ ದಿನ ಬೆಳಗ್ಗೆಯೇ ಕಡೆದಿಟ್ಟು, ಹಗಲಿನ ಸೆಕೆಯಲ್ಲಿ ಹುಳಿ ಬರಿಸಿ, ರಾತ್ರಿ ಅಟ್ಟಿನಳಗೆಯಲ್ಲಿ (ಆವಿಯ ಪಾತ್ರೆಯಲ್ಲಿ) ಬೇಯಿಸುವುದು. ಎಲೆಯನ್ನು ಬೆಂಕಿಯ ಮೇಲೆ ಬಾಡಿಸದೆ ಮಡಚಿದರೆ ಮಡಿಕೆಯಲ್ಲಿ ಸೀಳಿ ಹಿಟ್ಟು ಸೋರುತ್ತದೆ. ಮುಕ್ಕಾಲು ಗಂಟೆಗೆ ಕಡಿಮೆ ಬೇಯಿಸಿದರೆ ನಡು ಅಂಟು. ಎಲ್ಲಕ್ಕಿಂತ ಮುಖ್ಯ, ಬಿಸಿಯಿದ್ದಾಗ ಡಬ್ಬಕ್ಕೆ ತುಂಬಬಾರದು. ಆವಿ ನೀರಾಗಿ ಇಳಿದು ಮಧ್ಯಾಹ್ನಕ್ಕೆ ಹಳಸುತ್ತದೆ. ಗೆರಸೆಯಲ್ಲಿ ರಾತ್ರಿಯಿಡೀ ಹರವಿಟ್ಟರೆ ಮರುದಿನ ಸಂಜೆಯವರೆಗೆ ಕೆಡುವುದಿಲ್ಲ. ಇದಕ್ಕೆ ಚಟ್ನಿ ಬೇಡ, ಕಾಯಿ ಕೈಕೊಡುತ್ತದೆ. ಮಿಡಿ ಉಪ್ಪಿನಕಾಯಿ ಮತ್ತು ಬೆಲ್ಲ ತುಪ್ಪ.

ಸಂಜೆಯ ತಿಂಡಿಗೆ ತೆಳು ಅವಲಕ್ಕಿ ಒಂದೂವರೆ ಕಿಲೋ. ಅದಕ್ಕೆ ಕಾಯಿ ಬೇಕೇ ಬೇಕು, ಆದರೆ ಕಲಸಿ ಒಯ್ದರೆ ಮೂರು ಗಂಟೆಯಲ್ಲಿ ಹುಳಿ ವಾಸನೆ. ಮಾವ ಮೂರು ಇಡೀ ತೆಂಗಿನಕಾಯಿ, ಒಂದು ಕತ್ತಿ ಮತ್ತು ಹೆರೆಮಣೆಯನ್ನೇ ವಾಹನಕ್ಕೆ ಹಾಕಿಕೊಳ್ಳುತ್ತಿದ್ದರು. ಎಲ್ಲಿ ನಿಂತರೆ ಅಲ್ಲಿ ಮರದ ಬುಡದಲ್ಲಿ ಹೆರೆಮಣೆ ಹಾಕಿ ಕೂತು ಕಾಯಿ ತುರಿಯುವುದು ಅವರೇ. ಹೆಂಗಸರಿಗೆ ಆ ನಾಲ್ಕು ದಿನ ಹೆರೆಮಣೆ ಮುಟ್ಟಲು ಬಿಡುತ್ತಿರಲಿಲ್ಲ. ಬೇಸಗೆಯಲ್ಲಿ ಮಾಡಿದ ಹಲಸಿನ ಹಪ್ಪಳವನ್ನು ಒಂದು ದಿನ ಮತ್ತೆ ಬಿಸಿಲಿಗೆ ಹಾಕಿ, ಹೊರಿದು (ಎಣ್ಣೆಯಲ್ಲಿ ಕರಿದು) ತಗಡಿನ ಡಬ್ಬದಲ್ಲಿ ತುಂಬುವುದು. ಬಿಸಿಲು ಕಾಣಿಸದೆ ಹೊರಿದರೆ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಪಾನಕಕ್ಕೆ ಪುನರ್ಪುಳಿಯ (ಕೋಕಂ) ಒಣ ಓಡು ಎರಡು ಹಿಡಿ ಬೇರೆ ಕಟ್ಟು.

ಮೊದಲ ದಿನ: ಪೊಸಡಿಗುಂಪೆ, ಬಾಯಾರು, ಮಂಜೇಶ್ವರ

ಬೆಳಗ್ಗೆ ಆರಕ್ಕೆ ಪೆರ್ಲ ಬಿಟ್ಟು ಧರ್ಮತ್ತಡ್ಕದ ಕಡೆಗೆ. ಪೊಸಡಿಗುಂಪೆ ದೊಡ್ಡ ಬೆಟ್ಟವೇನಲ್ಲ, ಕಡಲ ಮಟ್ಟದಿಂದ ಸಾವಿರ ಅಡಿ ಚಿಲ್ಲರೆ. ಆದರೆ ಸುತ್ತ ಅದಕ್ಕೆ ಅಡ್ಡ ನಿಲ್ಲುವ ಗುಡ್ಡ ಇಲ್ಲದ್ದರಿಂದ ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟದ ಸಾಲು ಎರಡೂ ಕಾಣುತ್ತವೆ. ಮೇಲೆ ನೆರಳಿಲ್ಲ, ನೀರಿಲ್ಲ. ಎಂಟೂವರೆಯೊಳಗೆ ಇಳಿಯದಿದ್ದರೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಕಾವು ಕಾಲಿಗೆ ತಾಗುತ್ತದೆ. ಹತ್ತುವಾಗ ಯಾರೂ ಬೀಳುವುದಿಲ್ಲ, ಇಳಿಯುವಾಗ ಸಣ್ಣ ಹರಳು ಹರಳಿನ ಮಣ್ಣು ಚಪ್ಪಲಿಯಡಿ ಉರುಳಿ ಜಾರಿಸುತ್ತದೆ. ಮಾವ ಇಳಿಯುವಾಗ ಮಕ್ಕಳನ್ನು ಅಡ್ಡ ಸಾಲಿನಲ್ಲಿ ಇಳಿಸುತ್ತಿದ್ದರು, ಒಬ್ಬರ ಹಿಂದೆ ಒಬ್ಬರಾಗಿ ಅಲ್ಲ. ಮೇಲಿನವನು ಜಾರಿದರೆ ಕೆಳಗಿನವನನ್ನೂ ಎಳೆದುಕೊಂಡು ಹೋಗಬಾರದು ಎಂದು.

ತುದಿಯಲ್ಲಿ ಕೊಟ್ಟಿಗೆಯ ಡಬ್ಬ ಬಿಚ್ಚುವುದು. ಮಾವ ಇದ್ದಾಗ ಇಲ್ಲಿ ಒಂದು ಆಟ ಇತ್ತು. ಡಬ್ಬದಲ್ಲಿ ಒಂದು ಕೊಟ್ಟಿಗೆಯ ಒಳಗೆ ಮಾತ್ರ ಬೆಲ್ಲಕಾಯಿಯ ಹೂರಣ ಇರುತ್ತಿತ್ತು. ಅದು ಯಾರ ಎಲೆಗೆ ಬರುತ್ತದೋ ಅವರು ಆ ದಿನದ ಯಜಮಾನ. ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಅವರೇ ಹೇಳಬೇಕು, ಮಾವನೂ ಕೇಳಬೇಕು. ಐದು ವರ್ಷದ ಮಗು ಯಜಮಾನನಾದ ದಿನ ವಾಹನ ಪ್ರತಿ ಹಟ್ಟಿಯ ಮುಂದೆ ಕರು ನೋಡಲು ನಿಂತಿತ್ತು. ಮಾವ ಪ್ರತಿ ಸಲವೂ ಇಳಿದು ಬಾಗಿಲು ತೆರೆದಿದ್ದರು. ಆ ಕೊಟ್ಟಿಗೆಯ ಗುರುತು ಯಾರಿಗೂ ಗೊತ್ತಿರಬಾರದೆಂದು ಅತ್ತೆ ಕಟ್ಟಿದ ಮೇಲೆ ಮಾವ ರಾತ್ರಿ ಡಬ್ಬವನ್ನು ತಾನೇ ಕಲಕಿಡುತ್ತಿದ್ದರಂತೆ. ಈ ಸಲ ಅತ್ತೆ ಹೂರಣದ್ದು ಎರಡು ಮಾಡಿದ್ದರು. ಒಂದು ಎಲ್ಲರ ಪಾಲಿಗೆ, ಒಂದು ಬೇರೆಯಾಗಿ ಕಟ್ಟಿದ್ದು. ಬೇರೆ ಕಟ್ಟಿದ್ದನ್ನು ತುದಿಯ ಕಲ್ಲಿನ ಮೇಲೆ ಬಿಚ್ಚಿಟ್ಟರು.

ಅಲ್ಲಿಂದ ಬಾಯಾರಿನ ಒಂದು ಪರಿಚಯದ ತೋಟಕ್ಕೆ, ಸುರಂಗ ನೋಡಲು. ಕಾಸರಗೋಡಿನ ಮೂಡಣ ಭಾಗದಲ್ಲಿ ಕೃಷಿ ನಿಂತದ್ದೇ ಈ ಸುರಂಗಗಳಿಂದ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಳಗೆ ಒಸರುವ ನೀರನ್ನು ಪಂಪಿಲ್ಲದೆ ತಾನಾಗಿ ಹೊರಗೆ ಹರಿಸುವ ಬಾವಿ ಇದು. ಒಬ್ಬ ಮನುಷ್ಯ ನಡೆಯುವಷ್ಟು ಅಗಲ, ತಲೆ ತಗ್ಗಿಸಿದರೆ ಹೋಗುವಷ್ಟು ಎತ್ತರ. ಉದ್ದವನ್ನು ಕೋಲಿನಲ್ಲಿ ಹೇಳುತ್ತಾರೆ; ಒಂದು ಕೋಲು ಸುಮಾರು 72 ಸೆಂ.ಮೀ. ನೆಲವನ್ನು ಬಾಯಿಯ ಕಡೆಗೆ ಬಹಳ ಸಣ್ಣ ಇಳಿಜಾರು ಕೊಟ್ಟು ಕಡಿಯಬೇಕು. ಇಳಿಜಾರು ಹೆಚ್ಚಾದರೆ ನೀರು ಮಣ್ಣು ಕೊರೆಯುತ್ತದೆ, ಕಡಿಮೆಯಾದರೆ ಒಳಗೇ ನಿಲ್ಲುತ್ತದೆ. ಹೊರಬಂದ ನೀರನ್ನು ಹಿಂದೆ ಅಡಕೆ ಮರ ಸೀಳಿದ ದಂಬೆಯಲ್ಲಿ ಕೆರೆಗೆ ಬಿಡುತ್ತಿದ್ದರು, ಈಗ ಪೈಪು.

ಒಳಗೆ ಹೋಗುವ ಕ್ರಮ ಹೀಗೆ. ಮೊದಲು ಮನೆಯವರು, ಕೈಯಲ್ಲಿ ಹೊತ್ತಿಸಿದ ಮೇಣದಬತ್ತಿ. ಟಾರ್ಚು ಇದ್ದರೂ ಬತ್ತಿ ಬೇಕು. ಜ್ವಾಲೆ ಮಂಕಾದರೆ ಗಾಳಿ ಕಡಿಮೆ, ಆರಿದರೆ ಅದೇ ಹೆಜ್ಜೆಯಲ್ಲಿ ಹಿಂದೆ ತಿರುಗಬೇಕು. ಮಳೆಗಾಲದಲ್ಲೂ ಮಳೆ ನಿಂತ ಮೊದಲ ವಾರಗಳಲ್ಲೂ ಹೋಗಬಾರದು, ಮುರಕಲ್ಲಿನ ನಡುವೆ ಜೇಡಿಯ ಪಟ್ಟಿ ಇದ್ದಲ್ಲಿ ನೆನೆದು ಕುಸಿಯುತ್ತದೆ. ಬಾವಲಿ ಇರುವುದು ಸಾಮಾನ್ಯ, ಹಾವೂ ಇರಬಹುದು. ಕೈಯನ್ನು ಗೋಡೆಯ ಸಂದಿಗೆ ಹಾಕಬಾರದು. ನಾಲ್ಕು ದಿನದಲ್ಲಿ ಮಾವ ತಮಾಷೆ ಮಾಡದ ಜಾಗ ಇದೊಂದೇ. ಇಲ್ಲಿ ಅವರ ದನಿ ಬದಲಾಗುತ್ತಿತ್ತು, ಮಕ್ಕಳು ಅದನ್ನು ಕೇಳಿಯೇ ಸುಮ್ಮನಾಗುತ್ತಿದ್ದರು. ನಗಿಸುವವರು ಎಲ್ಲಿ ನಗಿಸಬಾರದು ಎಂದೂ ತಿಳಿದಿರಬೇಕು. ಮಾವನಿಗೆ ಅದು ಚೆನ್ನಾಗಿ ತಿಳಿದಿತ್ತು.

ಮಧ್ಯಾಹ್ನ ಪೈವಳಿಕೆ, ಉಪ್ಪಳದ ಮೇಲಾಗಿ ಮಂಜೇಶ್ವರ. ಗೋವಿಂದ ಪೈಗಳ (1883–1963) ಮನೆ ಈಗ ಗಿಳಿವಿಂಡು ಎಂಬ ಸ್ಮಾರಕ. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟಾಗ ಕಾಸರಗೋಡು ದಕ್ಷಿಣ ಕನ್ನಡದ್ದೇ ತಾಲೂಕು. 1956ರ ನವೆಂಬರ್ 1ಕ್ಕೆ ಅದು ಕೇರಳಕ್ಕೆ ಸೇರಿತು. ಮಾವ ಇಲ್ಲಿ ಮಕ್ಕಳಿಗೆ ಹೆಚ್ಚೇನೂ ಹೇಳುತ್ತಿರಲಿಲ್ಲ. ಅಂಗಳದಲ್ಲಿ ಕೂರಿಸಿ, ತಮಗೆ ಶಾಲೆಯಲ್ಲಿ ಬಾಯಿಪಾಠವಾದ ಪದ್ಯವೊಂದನ್ನು ಹೇಳಿ, ಪ್ರತಿ ಮಗುವಿನಿಂದ ಒಂದೊಂದು ಪದ್ಯ ಹೇಳಿಸುತ್ತಿದ್ದರು. ಮಲಯಾಳ ಮಾಧ್ಯಮದಲ್ಲಿ ಕಲಿಯುವ ಮಗು ಮಲಯಾಳ ಪದ್ಯ ಹೇಳಿದರೆ ಅದಕ್ಕೂ ಅಷ್ಟೇ ದೊಡ್ಡ ಚಪ್ಪಾಳೆ.

ರಾತ್ರಿ ಕುಂಬಳೆಯ ನೆಂಟರ ಮನೆ. ಯಕ್ಷಗಾನಕ್ಕೆ ರಾಮಾಯಣದ ಪ್ರಸಂಗಗಳನ್ನು ಕೊಟ್ಟ ಪಾರ್ತಿಸುಬ್ಬನ ಊರಿದು. ಅಲ್ಲಿ ಉಳಿದು ಅರ್ಥ ಹೇಳದಿದ್ದರೆ ಮಾವನಿಗೆ ನಿದ್ದೆ ಬಾರದು. ಊಟವಾದ ಮೇಲೆ ಚಾವಡಿಯಲ್ಲಿ ವಾಲಿಯ ಮತ್ತು ರಾಮನ ವಾದ. ವಾಲಿ ಯಾವಾಗಲೂ ಮಾವ, ರಾಮ ಯಾವುದಾದರೂ ಮಗು. ಮಗು ತಡವರಿಸಿದಾಗ ಮಾವ ವಾಲಿಯ ಬಾಯಿಯಲ್ಲೇ ರಾಮನಿಗೆ ಉತ್ತರ ಹೊಳೆಯುವಂತೆ ಪ್ರಶ್ನೆ ತಿರುಗಿಸಿ ಕೇಳುತ್ತಿದ್ದರು. ಕೊನೆಗೆ ಗೆದ್ದದ್ದು ತಾನೇ ಎಂದು ಮಗು ನಂಬಿ ಮಲಗಬೇಕು. ಈಗ ಆ ರಾಮರಲ್ಲಿ ಒಬ್ಬರು ದೊಡ್ಡವರಾಗಿ ಈ ಸಲ ವಾಲಿಯಾದರು. ರಾಮನಾಗಿದ್ದ ಹುಡುಗಿಗೆ ಎಂಟು ವರ್ಷ.

ಎರಡನೇ ದಿನ: ಅನಂತಪುರ, ಮಧೂರು

ಅನಂತಪುರಕ್ಕೆ ಬೆಳಗ್ಗೆಯೇ ಹೋಗಬೇಕು. ಮಧ್ಯಾಹ್ನ ನಡೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ. ಬೋಳು ಪದವಿನ (ಗುಡ್ಡದ ಮೇಲಿನ ಬಯಲಿನ) ನಡುವೆ ಚೌಕದ ಕೆರೆ, ಕೆರೆಯ ನಡುವೆ ಗುಡಿ, ದಾಟಲು ಸಣ್ಣ ಸೇತುವೆ. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಇದು ಎಂದು ನಂಬಿಕೆ. ಮೂಲ ಮೂರ್ತಿ ಕಲ್ಲಿನದ್ದಲ್ಲ, ಔಷಧ ವಸ್ತುಗಳನ್ನು ಕೂಡಿಸಿದ ಕಡುಶರ್ಕರ ಪಾಕದ್ದು. ಹತ್ತು ಗಂಟೆಯ ನಂತರ ಅಂಗಳದ ಮುರಕಲ್ಲು ಬರಿಗಾಲಿಗೆ ಸುಡುವುದರಿಂದ ಸಣ್ಣ ಮಕ್ಕಳನ್ನು ಎತ್ತಿಕೊಳ್ಳಬೇಕಾಗುತ್ತದೆ. ಮಾವ ಎರಡೂ ತೋಳಿಗೆ ಒಂದೊಂದರಂತೆ ಎತ್ತಿಕೊಂಡು, ಕಾಲು ಸುಟ್ಟಂತೆ ಕುಣಿಯುತ್ತ ಪ್ರದಕ್ಷಿಣೆ ಮುಗಿಸುತ್ತಿದ್ದರು.

ಇಲ್ಲಿನ ಕೆರೆಯ ಮೊಸಳೆ ಬಬಿಯ 2022ರ ಅಕ್ಟೋಬರ್ 9ಕ್ಕೆ ಸತ್ತಿತು. ಅನ್ನ ಬೆಲ್ಲದ ನೈವೇದ್ಯ ತಿಂದು ದಶಕಗಳ ಕಾಲ ಬದುಕಿದ ಮೊಸಳೆ. ಅದನ್ನು ನೋಡಲು ಗದ್ದಲ ಮಾಡದೆ ಕೆರೆಯ ಮೂಲೆಯ ಗುಹೆಯ ಕಡೆ ಕಣ್ಣಿಟ್ಟು ಕೂರಬೇಕಿತ್ತು. ಗಲಾಟೆ ಮಾಡುವ ಹತ್ತು ಮಕ್ಕಳನ್ನು ಕಾಲು ಗಂಟೆ ಸುಮ್ಮನೆ ಕೂರಿಸಿದ್ದು ಮಾವನ ಜೀವಮಾನದ ಸಾಧನೆ ಎಂದು ಅತ್ತೆ ಈಗಲೂ ಹೇಳುತ್ತಾರೆ. ಬಬಿಯ ಹೋದ ವರ್ಷವೂ ಅವರು ಮಕ್ಕಳನ್ನು ಕರೆತಂದು, ಆವರಣದಲ್ಲಿ ಅದನ್ನು ಹೂತ ಜಾಗಕ್ಕೆ ಹೂ ಹಾಕಿಸಿದರು. ಸಾವನ್ನು ಮಕ್ಕಳಿಂದ ಬಚ್ಚಿಡಬಾರದು ಎಂಬ ಅವರ ನಿಲುವು ಸರಿ. ಅವರು ಹೋದಾಗ ಆ ಮಕ್ಕಳೇ ಎಲ್ಲರಿಗಿಂತ ಗಟ್ಟಿಯಾಗಿ ನಿಂತರು. 2023ರ ನವೆಂಬರಿನಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು.

ಅಲ್ಲಿಂದ ಮಧೂರು. ಮಧುವಾಹಿನಿ ಹೊಳೆಯ ದಡದಲ್ಲಿ ಮೂರು ನೆಲೆಯ, ಆನೆಯ ಬೆನ್ನಿನಾಕಾರದ ಗಜಪೃಷ್ಠ ಮಾಡಿನ ದೇವಸ್ಥಾನ. ಒಳಗೆ ಮದನಂತೇಶ್ವರ ಮೂಲದೇವರು, ಹೆಸರು ಮಾತ್ರ ಗಣಪತಿಯದ್ದು. ಅರ್ಚಕರ ಹುಡುಗ ಗೋಡೆಯಲ್ಲಿ ಬರೆದ ಗಣಪತಿ ಉದ್ದಕ್ಕೆ ಬೆಳೆಯದೆ ಅಡ್ಡಕ್ಕೆ ಬೆಳೆದ ಕಥೆ ಮಾವನ ಬಾಯಲ್ಲಿ ಕೇಳಬೇಕು. ಹೊಟ್ಟೆ ಮುಂದೆ ತಳ್ಳಿ ಅವರೇ ಅಗಲವಾಗುತ್ತಿದ್ದರು. ಮರದ ಕೆತ್ತನೆಗಳನ್ನು ಅವಸರದಲ್ಲಿ ನೋಡಬಾರದು. ರಾಮಾಯಣದ ಪ್ರಸಂಗ ಹುಡುಕುವುದು ಮಕ್ಕಳಿಗೆ ಒಪ್ಪಿಸಿದರೆ ದೊಡ್ಡವರಿಗೆ ಕುಳಿತುಕೊಳ್ಳಲು ಅರ್ಧ ಗಂಟೆ ಸಿಗುತ್ತದೆ.

ಮಧೂರಿನ ಪ್ರಸಾದ ಅಪ್ಪ. ಅತ್ತೆಯ ತವರು ಅಲ್ಲೇ ಸಮೀಪ. ಸಂಜೆ ಆ ಮನೆಯಲ್ಲಿ ಮಾವ ತಾನೇ ಅಪ್ಪ ಹೊಯ್ಯುತ್ತಿದ್ದರು. ಅಳಿಯ ಅಡಿಗೆಮನೆಗೆ ಬರಬಾರದು ಎಂದು ಅಜ್ಜಿ ಮೊದಮೊದಲು ತಡೆದರಂತೆ. ಅಪ್ಪ ತಿಂದ ಮೇಲೆ ಸುಮ್ಮನಾದರಂತೆ. ಅವರ ಅಳತೆ ಒಂದು ಕಿಲೋ ಬೆಳ್ತಿಗೆ ಅಕ್ಕಿ, ಮುಕ್ಕಾಲು ಕಿಲೋ ಬೆಲ್ಲ, ಒಂದು ಕಾಯಿಯ ತುರಿ, ಚೆನ್ನಾಗಿ ಹಣ್ಣಾದ ನಾಲ್ಕು ಕದಳಿ ಬಾಳೆಹಣ್ಣು, ಏಲಕ್ಕಿ, ಚಿಟಿಕೆ ಉಪ್ಪು. ಅಕ್ಕಿ ಮೂರು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು ಕಡೆಯುವುದು. ಬೆಲ್ಲ ಕರಗಿದಾಗ ಹಿಟ್ಟು ತಾನಾಗಿ ನೀರಾಗುತ್ತದೆ, ಬೇರೆ ನೀರು ಬೇಡ. ಸೌಟಿನಿಂದ ದಪ್ಪ ಎಳೆಯಾಗಿ ಇಳಿಯಬೇಕು. ಎರಡು ಗಂಟೆ ಹಾಗೇ ಬಿಡಬೇಕು, ಬಿಡದೆ ಹೊಯ್ದರೆ ಗಟ್ಟಿ. ಬೆಲ್ಲ ಹೆಚ್ಚಾದರೆ ತುಪ್ಪದಲ್ಲಿ ಒಡೆದು ಹರಡುತ್ತದೆ, ಬಾಳೆಹಣ್ಣು ಹೆಚ್ಚಾದರೆ ತುಪ್ಪ ಕುಡಿದು ತಣಿದಾಗ ಕುಗ್ಗುತ್ತದೆ. ಅಪ್ಪದ ಕಾವಲಿಯ ಗುಳಿಗೆ ಅರ್ಧದಷ್ಟು ತುಪ್ಪ, ಮುಕ್ಕಾಲು ಗುಳಿಗೆ ಹಿಟ್ಟು, ಸಣ್ಣ ಬೆಂಕಿ. ಬೆಂಕಿ ದೊಡ್ಡದಾದರೆ ಹೊರಗೆ ಕಪ್ಪು, ಒಳಗೆ ಹಸಿ. ಮೊದಲ ಸುತ್ತು ಎಂದೂ ಸರಿಯಾಗಿ ಬರುವುದಿಲ್ಲ, ಕಾವಲಿ ಹದಕ್ಕೆ ಬಂದಿರುವುದಿಲ್ಲ. ಆ ಮೊದಲ ಸುತ್ತನ್ನು ಮಾವ ಯಾರಿಗೂ ಕೊಡದೆ ತಾವೇ ತಿನ್ನುತ್ತಿದ್ದರು. ಒಳ್ಳೆಯದನ್ನು ಮೊದಲು ಕದಿಯುತ್ತಾರೆ ಎಂದು ಮಕ್ಕಳು ಕೂಗುತ್ತಿದ್ದರು. ಅವರು ಒಮ್ಮೆಯೂ ತಿದ್ದಲಿಲ್ಲ.

ಮೂರನೇ ದಿನ: ರೈಲು, ಬೇಕಲ

ಈ ದಿನ ವಾಹನ ಖಾಲಿಯಾಗಿ ಮುಂದೆ ಹೋಗಲಿ, ಜನ ರೈಲಿನಲ್ಲಿ. ಕಾಸರಗೋಡಿನಿಂದ ಬೇಕಲಕ್ಕೆ ರಸ್ತೆಯಲ್ಲೂ ಬೇಗ ತಲಪಬಹುದು, ಆದರೆ ಆ ರೈಲಿಲ್ಲದ ಪ್ರವಾಸ ಮಕ್ಕಳಿಗೆ ಪ್ರವಾಸವೇ ಅಲ್ಲ. ಎಕ್ಸ್‌ಪ್ರೆಸ್ ಗಾಡಿಗಳು ಬೇಕಲ ಕೋಟೆ ನಿಲ್ದಾಣದಲ್ಲಿ ನಿಲ್ಲುವುದಿಲ್ಲ, ಪ್ಯಾಸೆಂಜರೇ ಬೇಕು. ಹೊತ್ತು ಆಗಾಗ ಬದಲಾಗುವುದರಿಂದ ಹಿಂದಿನ ದಿನವೇ ವಿಚಾರಿಸಿಕೊಳ್ಳಬೇಕು. ತೆಂಕಕ್ಕೆ ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಬೇಕು, ಕಡಲು ಆ ಬದಿಗೆ.

ಚಂದ್ರಗಿರಿ ಹೊಳೆಯ ಸೇತುವೆ ದಾಟಿದ ಮೇಲೆ ಕಳನಾಡಿನ ಸುರಂಗ. ಕತ್ತಲಾದೊಡನೆ ಎಲ್ಲರೂ ಕೂಗುವುದು ವಾಡಿಕೆ. ಆ ಕೂಗಿನ ನಡುವೆ ಮಾವ ಎದ್ದು, ತಡಕಾಡದೆ, ಎದುರು ಬದುರು ಕೂತ ಎಂಟೂ ಮಡಿಲಿಗೆ ಒಂದೊಂದು ನೆಲಗಡಲೆ ಚಿಕ್ಕಿ ಹಾಕಿ ಕೂತುಬಿಡುತ್ತಿದ್ದರು. ಬೆಳಕು ಬಂದಾಗ ಅವರು ಕಿಟಕಿಗೆ ತಲೆಯಾನಿಸಿ ನಿದ್ದೆಯಲ್ಲಿ. ಸುರಂಗದ ಭೂತ ಕೊಟ್ಟದ್ದು ಎಂದು ಮಕ್ಕಳು ವರ್ಷಗಟ್ಟಲೆ ನಂಬಿದ್ದರು. ಚಿಕ್ಕಿಯನ್ನು ಹಿಂದಿನ ರಾತ್ರಿಯೇ ಕಾಗದ ಬಿಚ್ಚಿ ಜೇಬಿನಲ್ಲಿ ಜೋಡಿಸಿಡುತ್ತಿದ್ದರಂತೆ, ಕಾಗದದ ಸದ್ದಾಗಬಾರದೆಂದು. ಯಾರು ಎಲ್ಲಿ ಕೂರಬೇಕೆಂದು ಅವರು ಅಷ್ಟು ಹಟ ಹಿಡಿಯುತ್ತಿದ್ದದ್ದು ಏಕೆಂದು ಈಗ ತಿಳಿಯುತ್ತದೆ. ಈ ಸಲ ಮಡಿಲುಗಳಿಗೆ ಚಿಕ್ಕಿ ಹಾಕಿದವರು ಅತ್ತೆ. ಸಣ್ಣವರಿಗೆ ಭೂತದ ಮೇಲಿನ ನಂಬಿಕೆ ಹಾಗೇ ಇದೆ.

ಬೇಕಲ ಕೋಟೆ ಸುಮಾರು 40 ಎಕರೆಯ ಮುರಕಲ್ಲಿನ ಕೋಟೆ. ಕೆಳದಿಯ ಶಿವಪ್ಪ ನಾಯಕನ ಕಾಲದ್ದು, 1650ರ ಆಸುಪಾಸು. ಆಮೇಲೆ ಹೈದರ್, ಟಿಪ್ಪು, ಕೊನೆಗೆ ಇಂಗ್ಲಿಷರು. ಬಾಗಿಲಲ್ಲೇ ಮುಖ್ಯಪ್ರಾಣನ ಗುಡಿ. ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಬೇಡ. ಒಳಗೆ ನೆರಳು ಕಡಿಮೆ. ಬೆಳಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಹೋದರೆ ಮಾತ್ರ ನಡೆಯಲು ಆಗುತ್ತದೆ. ಮೆಟ್ಟಿಲ ಕೆರೆ, ಮದ್ದಿನ ಮನೆ, ಅಗಲ ಇಳಿಜಾರಿನ ಕಾವಲು ಬುರುಜು ಎಲ್ಲ ನೋಡಿ, ಕೊನೆಗೆ ಕಡಲ ಬದಿಯ ಗೋಡೆಗೆ ಬರಬೇಕು. ಆ ಗೋಡೆಯ ಕಿಂಡಿಗಳಲ್ಲಿ ಒಂದು ಜಾಣ್ಮೆ ಇದೆ. ಮೇಲಿನ ಕಿಂಡಿ ದೂರದ ವೈರಿಗೆ, ನಡುವಿನದು ಹತ್ತಿರ ಬಂದವನಿಗೆ, ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ. ಒಂದೊಂದರ ಕೋನ ಬೇರೆ. ಮಾವ ಕೋಟೆಯ ಹೊರಗೆ ಬೇರೆ ಬೇರೆ ದೂರದಲ್ಲಿ ನಿಂತು, ಯಾವ ಕಿಂಡಿಯಿಂದ ತಾನು ಕಾಣುತ್ತೇನೆ ಎಂದು ಮಕ್ಕಳನ್ನು ಕೂಗಿ ಕೇಳುತ್ತಿದ್ದರು. ಸರಿಯಾಗಿ ಹೇಳಿದರೆ ಗುಂಡು ತಾಗಿದಂತೆ ಮರಳಲ್ಲಿ ಉರುಳುವುದು. ಎಪ್ಪತ್ತು ದಾಟಿದ ಮೇಲೂ ಉರುಳಿದರು. ಪಂಚೆಯ ಮರಳು ಕೊಡವುವುದರಲ್ಲಿ ಅತ್ತೆಯ ಅರ್ಧ ಸಂಜೆ ಹೋಗುತ್ತಿತ್ತು.

ನೀರಿಗೆ ಇಳಿಯುವುದಾದರೆ ಕೋಟೆಯ ಬುಡದಲ್ಲಿ ಬೇಡ, ಅಲ್ಲಿ ಬಂಡೆ. ಪಳ್ಳಿಕ್ಕೆರೆಯ ಬದಿಯ ಅಗಲ ಮರಳಿಗೆ ಹೋಗಬೇಕು. ಮಕ್ಕಳಿಗೆ ಮೊಣಕಾಲ ಮಟ್ಟ, ದೊಡ್ಡವರು ಅವರಿಗಿಂತ ಆಚೆ, ಕಡಲ ಕಡೆ ಸಾಲಾಗಿ. ಅಲೆ ಹಿಂದೆ ಹೋಗುವಾಗ ಕಾಲಡಿಯ ಮರಳನ್ನು ಎಳೆಯುತ್ತದೆ, ಮಗು ಬೀಳುವುದು ಆಗಲೇ. ಸೂರ್ಯ ಮುಳುಗುವ ಮೊದಲು ಎಲ್ಲರೂ ಹೊರಗೆ. ಇದರಲ್ಲಿ ಯಜಮಾನನ ಆಟದ ಮಗುವಿಗೂ ಅಧಿಕಾರ ಇರುತ್ತಿರಲಿಲ್ಲ.

ಕಾಸರಗೋಡು ಪೇಟೆಯಿಂದ ಹೊರಡುವ ಮೊದಲೇ ಒಂದು ಕೆಲಸ ಮುಗಿಸಿರಬೇಕು, ಅತ್ತೆಗೆ ಒಂದು ಕಾಸರಗೋಡು ಸೀರೆ. ಹತ್ತಿ ನೂಲಿನ, ಚೌಕುಳಿಯ, ಕೈಮಗ್ಗದ ಸೀರೆ. ಒಗೆದಷ್ಟೂ ಮೆತ್ತಗಾಗುತ್ತದೆ, ಬೇಗ ಹರಿಯುವುದಿಲ್ಲ. ಬಣ್ಣ ಆರಿಸುವ ಹಕ್ಕು ಗುಂಪಿನ ಅತಿ ಸಣ್ಣ ಮಗುವಿಗೆ. ಹಾಗಾಗಿ ಅತ್ತೆಯ ಪೆಟ್ಟಿಗೆಯಲ್ಲಿ ಗಿಳಿಹಸಿರು, ಕಿತ್ತಳೆ ಎಲ್ಲ ಇವೆ, ಎಲ್ಲವನ್ನೂ ಅವರು ಉಟ್ಟಿದ್ದಾರೆ. ಈ ಸಲದ್ದು ನೇರಳೆ.

ರಾತ್ರಿ ಕಾಞಂಗಾಡಿನಲ್ಲಿ. ಹೊತ್ತಿದ್ದರೆ ಸ್ವಾಮಿ ರಾಮದಾಸರು 1931ರಲ್ಲಿ ಕಟ್ಟಿದ ಆನಂದಾಶ್ರಮದಲ್ಲಿ ಸಂಜೆಯ ರಾಮನಾಮಕ್ಕೆ ಕೂರಬಹುದು.

ನಾಲ್ಕನೇ ದಿನ: ರಾಣಿಪುರ

ಐದೂವರೆಗೆ ಹೊರಡಬೇಕು. ಒಡಯಂಚಾಲು, ರಾಜಪುರಂ, ಪನತ್ತಡಿ, ಅಲ್ಲಿಂದ ಎಡಕ್ಕೋ ಬಲಕ್ಕೋ ಎಂದು ಗೊಂದಲ ಬೇಡ, ಫಲಕ ಇದೆ. ಕೊನೆಯ ಭಾಗ ತಿರುವೇ ತಿರುವು. ವಾಂತಿಯ ಮಕ್ಕಳನ್ನು ಮುಂದೆ ಕೂರಿಸಿ, ಹೊಟ್ಟೆಗೆ ಒಂದು ಬಾಳೆಹಣ್ಣಿಗಿಂತ ಹೆಚ್ಚು ಬೇಡ. ಪೂರ್ತಿ ಖಾಲಿಯೂ ಬೇಡ. ಕೈಯಲ್ಲಿ ಸಿಪ್ಪೆ ಗೀರಿದ ನಿಂಬೆ. ಹಿಂದೆ ಕೂತು ಕೆಳಗೆ ಮೊಬೈಲು ನೋಡಿದವರೇ ಮೊದಲು ವಾಂತಿ ಮಾಡುವುದು.

ಗುಡ್ಡದ ಬುಡದಲ್ಲಿ ಅರಣ್ಯ ಇಲಾಖೆಯ ಟಿಕೆಟ್. ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ, ಬಾಟಲಿ ಇದ್ದರೆ ಲೆಕ್ಕ ಕೊಡಬೇಕಾಗುತ್ತದೆ. ಸ್ಟೀಲ್ ತಂಬಿಗೆಯೇ ಸುಲಭ. ಆನೆ ಓಡಾಡುವ ದಿನಗಳಲ್ಲಿ ದಾರಿ ಮುಚ್ಚುತ್ತಾರೆ, ವಾದ ಮಾಡದೆ ಹಿಂದೆ ಬರಬೇಕು. ಆಚೆ ಬದಿಯ ಕಾಡು ಕರ್ನಾಟಕದ ತಲಕಾವೇರಿ ಅಭಯಾರಣ್ಯ. ಮೊದಲು ನೆರಳಿನ ಶೋಲೆ ಕಾಡು, ಬೇರುಗಳ ಮೆಟ್ಟಿಲು; ಆಮೇಲೆ ಬಟ್ಟಬಯಲ ಹುಲ್ಲು. ತುದಿಗೆ ಎರಡೂವರೆ ಕಿಲೋಮೀಟರಿನಷ್ಟು, ಎತ್ತರ ಸಾವಿರ ಮೀಟರಿನ ಹತ್ತಿರ. ಮಳೆಗಾಲದಲ್ಲಿ ಉಂಬುಳ (ಜಿಗಣೆ) ಹತ್ತುತ್ತದೆ, ಆಗ ಹೊಗೆಸೊಪ್ಪು ನೆನೆಸಿದ ನೀರನ್ನು ಕಾಲಿಗೆ ಹಚ್ಚಬೇಕು. ಡಿಸೆಂಬರಿನಲ್ಲಿ ಆ ಕಾಟ ಕಡಿಮೆ. ಮಂಜಿನಲ್ಲಿ ನೆನೆದ ಹುಲ್ಲು ಜಾರುತ್ತದೆ, ರಬ್ಬರ್ ಚಪ್ಪಲಿ ಬೇಡ.

ಕೊನೆಯ ವರ್ಷಗಳಲ್ಲಿ ಮಾವನಿಗೆ ಮೊಣಕಾಲು ನೋವು. ತುದಿಗೆ ಹೋಗದೆ ಹುಲ್ಲು ಶುರುವಾಗುವಲ್ಲಿನ ಬಂಡೆಯ ಮೇಲೆ ಕೂರುತ್ತಿದ್ದರು. ಕೂತರೂ ಸುಮ್ಮನಿರುತ್ತಿರಲಿಲ್ಲ. ಪುನರ್ಪುಳಿ ಓಡನ್ನು ರಾತ್ರಿಯೇ ಎರಡು ಲೀಟರ್ ನೀರಿನಲ್ಲಿ ನೆನೆಹಾಕಿ ತಂದದ್ದನ್ನು ಹಿಂಡಿ, ಬೆಲ್ಲ, ಉಪ್ಪು, ಹುರಿದ ಜೀರಿಗೆಯ ಪುಡಿ ಹಾಕಿ, ನಾಲ್ಕು ಲೀಟರಿಗೆ ಹೆಚ್ಚಿಸಿ ಇಟ್ಟಿರುತ್ತಿದ್ದರು. ಇಳಿದು ಬಂದವರಿಗೆಲ್ಲ ಒಂದೊಂದು ಲೋಟ, ಗುರುತಿಲ್ಲದ ಪ್ರವಾಸಿಗಳಿಗೂ. ಹೆಸರು ಕೇಳುವುದು, ಊರು ಕೇಳುವುದು, ಅವರ ಮನೆಯ ತೋಟಕ್ಕೆ ಕೊಳೆರೋಗ ಬಂದಿದೆಯೇ ಎಂದು ಕೇಳುವುದು. ಹಾಗೆ ಪರಿಚಯವಾದ ಒಂದು ಮನೆಯವರು ಅವರ ಹನ್ನೆರಡನೇ ದಿನಕ್ಕೆ ಚೆರುವತ್ತೂರಿನಿಂದ ಬಂದಿದ್ದರು. ಈ ಸಲ ಆ ಬಂಡೆಯ ಮೇಲೆ ಪಾತ್ರೆ ಇಟ್ಟು ಕೂತವರು ದೊಡ್ಡ ಅಳಿಯ; ಮಾತು ಕಡಿಮೆಯ ಮನುಷ್ಯ. ಹೇಗೋ ಊರು ಕೇಳಲು ಕಲಿತರು.

ಹನ್ನೊಂದರೊಳಗೆ ಇಳಿದು, ಕೋಳಿಚ್ಚಾಲಿನಿಂದ ಬಂದಡ್ಕದ ಮೇಲಾಗಿ ಮುಳ್ಳೇರಿಯಕ್ಕೆ. ಕಾಞಂಗಾಡಿಗೆ ಮರಳುವ ಸುತ್ತು ತಪ್ಪುತ್ತದೆ, ರಸ್ತೆ ಗುಡ್ಡದ್ದಾದರೂ ಚಂದ. ಮುಳ್ಳೇರಿಯದಲ್ಲಿ ಚಾ. ಅಲ್ಲಿಗೆ ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ. ಇಳಿಸುವ ಸರದಿ ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ಹಿಂದಿನ ಸೀಟಿನವರನ್ನು ಇಳಿಸಲು ಎಲ್ಲರನ್ನೂ ಎಬ್ಬಿಸಬೇಕಾಗುತ್ತದೆ. ಬದಿಯಡ್ಕದಲ್ಲಿ ಇಳಿಯುವವರು ಬಾಗಿಲ ಬದಿ, ಪೆರ್ಲದವರು ಒಳಗೆ.

ಲೆಕ್ಕ ವಾಹನದಲ್ಲೇ ಮುಗಿಯಬೇಕು, ಮನೆಗೆ ಹೋದರೆ ಮುಗಿಯುವುದಿಲ್ಲ. ಬಾಡಿಗೆ, ಡೀಸೆಲು, ವಸತಿಯನ್ನು ದುಡಿಯುವವರ ನಡುವೆ ಮಾತ್ರ ಪಾಲು ಮಾಡುವುದು. ಮಕ್ಕಳಿಗೂ ಹಿರಿಯರಿಗೂ ಪಾಲಿಲ್ಲ. ಆ ವರ್ಷ ಫಸಲು ಕೈಕೊಟ್ಟವರ ಪಾಲನ್ನು ಮಾವ ಸದ್ದಿಲ್ಲದೆ ತನ್ನದಕ್ಕೆ ಸೇರಿಸಿಕೊಳ್ಳುತ್ತಿದ್ದರು ಎಂದು ದೊಡ್ಡ ಮಗಳಿಗೆ ಮಾತ್ರ ಗೊತ್ತಿತ್ತು. ಚಿಲ್ಲರೆ ಉಳಿದದ್ದನ್ನು ಮಕ್ಕಳಿಗೆ ಸಮನಾಗಿ ಹಂಚುವುದು. ಆಕೆ ಹಾಗೇ ಮಾಡಿದಳು. ತೋಟ ಕಾದವರ ಮಕ್ಕಳಿಬ್ಬರ ಪಾಲು ಕೈಗೆ ಕೊಟ್ಟು, ಅವರನ್ನು ಮೊದಲು ಮನೆಗೆ ತಲಪಿಸಿ, ಉಳಿದ ಅಪ್ಪದ ಡಬ್ಬವನ್ನೂ ಅಲ್ಲೇ ಇಳಿಸಿದಳು.